ಹತ್ತು ಸಾವಿರ ಕಿಲೋಮೀಟರಿನ ನಡುವೆ

ಮೊನ್ನೆ ಪುತ್ತೂರಿನ ಸರ್ವಿಸ್ ಸೆಂಟರಿನಲ್ಲಿ ನನ್ನ ಬೈಕಿನ ಹಳೆಯ ಆಯಿಲ್ ಇಳಿಸುತ್ತಿದ್ದರು. ಬಿಸಿ ಎಂಜಿನ್ನಿನಿಂದ ಅದು ಕಪ್ಪಗೆ ಸುರಿಯುವಾಗ ಬರುವ ಸುಟ್ಟ ವಾಸನೆ ಮೂಗಿಗೆ ಹತ್ತಿದ್ದೇ, ಸುಳ್ಯದ ಗ್ಯಾರೇಜಿನ ಮಾವ ನೆನಪಾದರು.

ಸಂಬಂಧದಲ್ಲಿ ಅವರು ಮಾವನಲ್ಲ. ಅಪ್ಪನ ಕಾಲದಿಂದ ನಮ್ಮ ಬೈಕ್ ನೋಡಿದವರು, ಹಾಗೆ ಕರೆದು ಅಭ್ಯಾಸ. ಅಜ್ಜಾವರದಿಂದ ಹೊರಟು ಕಡಬ, ಪುತ್ತೂರಿನ ಅಂಗಡಿಗಳಿಗೆ ಔಷಧಿ ಮುಟ್ಟಿಸುವುದು ನನ್ನ ಕೆಲಸ. ಎರಡೂವರೆ ಸಾವಿರ ಕಿಲೋಮೀಟರ್ ಆದಾಗಲೆಲ್ಲ ಅವರಲ್ಲಿ ಆಯಿಲ್ ಬದಲಿಸಿ, ಮೀಟರಿನ ಅಂಕಿಯನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಅವರದೊಂದು ಕ್ರಮವಿತ್ತು. ಇಳಿದ ಆಯಿಲನ್ನು ಅಗಲದ ಬೋಗುಣಿಯಲ್ಲಿ ಹಿಡಿದು, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಅದರೊಳಗೆ ನಿಧಾನಕ್ಕೆ ಆಡಿಸುವರು. ಅಂಟಿ ಬಂದ ಕಬ್ಬಿಣದ ಪುಡಿಯನ್ನು ಹೆಬ್ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿಯುವರು... ಆಮೇಲೆ ಚೈನು, ಬ್ರೇಕು, ನನ್ನ ಮುಖ, ಎಲ್ಲವನ್ನೂ ಒಂದು ಸುತ್ತು ನೋಡುವರು.

"ಎಂಜಿನ್ ಸವೆದದ್ದು ಕಮ್ಮಿ, ನೀನೇ ಜಾಸ್ತಿ ಸವೆದಿದ್ದಿ. ಊಟ ಉಂಟಾ ಇಲ್ವಾ?" ಎಂದು ಒಮ್ಮೆ ಕೇಳಿದ್ದರು.

ಮೀಟರು 41,200 ತೋರಿಸಿದ ದಿನ ನಾನು ಸಿಂಥೆಟಿಕ್ ಆಯಿಲಿನ ಡಬ್ಬಿ ಹಿಡಿದುಕೊಂಡು ಹೋದೆ. ಮಾವ ಅದನ್ನು ತಿರುಗಿಸಿ ನೋಡಿದರು.

"ಇದು ತೆಳು. ಹಳೆ ಎಂಜಿನ್ನಿನ ಸೀಲಲ್ಲಿ ಜಿನುಗ್ತದೆ."

"ಜಿನುಗುದಿಲ್ಲ ಮಾವ. ಕೇಳಿ ಆಗಿದೆ. ಹತ್ತು ಸಾವಿರದವರೆಗೆ ಬಿಚ್ಚುವ ಕೆಲಸವೇ ಇಲ್ಲ."

"ಅದೇ ನನ್ನ ತಲೆಬಿಸಿ ಮಾರಾಯ. ಬಿಚ್ಚದಿದ್ರೆ ಒಳಗೆ ಎಂತ ಆಗ್ತಾ ಉಂಟು ಅಂತ ನೋಡುದು ಯಾರು?"

"ನಿಮಗೆ ಗಿರಾಕಿ ಕಮ್ಮಿ ಆಗುವ ಹೆದರಿಕೆ," ಎಂದು ನಕ್ಕೆ.

"ಅದೂ ಉಂಟು," ಎಂದರು. ಆಯಿಲ್ ಹೊಯ್ದು ಮುಚ್ಚಳ ತಿರುಗಿಸುತ್ತಾ, "ನಡುವೆ ಒಮ್ಮೆ ಬಾ. ಸುಮ್ಮನೆ, ನೋಡ್ಲಿಕ್ಕೆ," ಎಂದರು.

ಡೈರಿಯಲ್ಲಿ 'ಮುಂದಿನದು 51,200' ಎಂದು ಬರೆದೆ. 'ನಡುವೆ ಒಮ್ಮೆ' ಎಂಬುದಕ್ಕೆ ಅಂಕಿ ಇರಲಿಲ್ಲ. ಬರೆಯಲಿಲ್ಲ.

ಎಂಜಿನ್ ಚೆನ್ನಾಗಿಯೇ ಓಡಿತು. ಒಂದು ಹನಿ ಜಿನುಗಲಿಲ್ಲ. ಆ ಎಂಟು ತಿಂಗಳಲ್ಲಿ ಗ್ಯಾರೇಜಿನ ಓಣಿಯ ತಿರುವನ್ನು ಎಷ್ಟು ಸಲ ದಾಟಿದೆನೋ... ಆ ಲೆಕ್ಕವೊಂದನ್ನು ನಾನು ಇಟ್ಟಿಲ್ಲ.

51,200 ಆದ ಬೆಳಿಗ್ಗೆ ಹೋದರೆ ಶಟರ್ ಎಳೆದಿತ್ತು. ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸಿದರು.

"ನಿಮಗೆ ಗೊತ್ತಾಗ್ಲಿಲ್ವಾ? ಅವರು ತೀರಿಹೋಗಿ ಎರಡು ತಿಂಗಳಾಯ್ತು. ಅದಕ್ಕೆ ಮೊದಲೇ ಹುಷಾರಿರ್ಲಿಲ್ಲ, ಸಪೂರ ಆಗಿದ್ರು. 'ನಮ್ಮ ಡೈರಿಯವ ಕಾಣುದೇ ಇಲ್ಲ' ಅಂತ ಹೇಳ್ತಾ ಇದ್ರು."

ಬೈಕಿನ ಮೇಲೆ ಕೂತು ಡೈರಿ ತೆಗೆದೆ. ಹಳೆಯ ಆಯಿಲೇ ಆಗಿದ್ದರೆ 43,700ಕ್ಕೆ ಹೋಗುತ್ತಿದ್ದೆ. 46,200ಕ್ಕೆ ಇನ್ನೊಮ್ಮೆ. 48,700ರ ಹೊತ್ತಿಗೆ ಅವರಿರಲಿಲ್ಲ. ಆದರೂ ಎರಡು ಸಲ. ಅವರು ಹಾಗೆ ಸೊರಗಿ ಸಪೂರ ಆದದ್ದು ನನ್ನ ಕಣ್ಣಿಗೆ ಬೀಳುತ್ತಿತ್ತೋ ಏನೋ...

ಆಮೇಲಿನಿಂದ ಬೈಕ್ ಕೊಡುವುದು ಪುತ್ತೂರಿನಲ್ಲಿ. ಮೊನ್ನೆ ಬೋಗುಣಿ ಎತ್ತಿಕೊಂಡು ಹೊರಟ ಮೆಕ್ಯಾನಿಕನನ್ನು ತಡೆದು, ಒಮ್ಮೆ ನೋಡಬಹುದಾ ಎಂದೆ.

"ಎಂತ ನೋಡ್ಲಿಕ್ಕುಂಟು ಸರ್? ವೇಸ್ಟ್ ಆಯಿಲ್."

ಬೆರಳು ಅದ್ದಿ, ಉಜ್ಜಿ, ಬೆಳಕಿಗೆ ಹಿಡಿದೆ. ನನಗೇನೂ ತಿಳಿಯಲಿಲ್ಲ. ಕೈ ಒರೆಸಿಕೊಂಡು ಡೈರಿಯಲ್ಲಿ 61,200 ಎಂದು ಬರೆದೆ. ಅದರ ಕೆಳಗೆ 71,200 ಎಂದು ಬರೆಯಬೇಕಿತ್ತು. 63,700 ಎಂದು ಬರೆದೆ. ಆಗ ಯಾರ ಹತ್ತಿರ ಹೋಗುವುದು ಎಂದು ಗೊತ್ತಿಲ್ಲ.