ಅಜ್ಜಿ ಮತ್ತೆ ಓದಿದ ಕತೆ

ಜೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಮುಚ್ಚಳ ಎತ್ತಿದಾಗ ಏಳುವ ಬಿಸಿ ಧೂಳಿನ ವಾಸನೆ ಮೂಗಿಗೆ ತಾಗಿದರೆ ಸಾಕು, ಚಳ್ಳಕೆರೆಯ ನಮ್ಮ ಮನೆಯ ಮುಂಗೋಣೆ ಕಣ್ಣೆದುರು ಬಂದು ನಿಲ್ಲುತ್ತದೆ. ಪಕ್ಕದಲ್ಲೇ ನಮ್ಮ ಎಣ್ಣೆ ಗಿರಣಿ. ಬಿಸಿ ಶೇಂಗಾ ಹಿಂಡಿಯ ಕಂಪು ಆ ಕೋಣೆಯ ಗೋಡೆಗಳಲ್ಲೂ ಇಳಿದುಬಿಟ್ಟಿತ್ತು. ಅಲ್ಲಿ ಬಸವರಾಜ ಚಿಕ್ಕಪ್ಪ ಟೈಪಿಂಗ್ ಕಲಿಸುತ್ತಿದ್ದ. ಟೈಪ್‌ರೈಟರುಗಳ ಕಾಲ ಮುಗಿಯುತ್ತ ಬಂದಾಗ ಒಂದು ಕಂಪ್ಯೂಟರ್ ತಂದ, ಆಮೇಲೆ ಬಳ್ಳಾರಿಯಿಂದ ಒಂದು ಸ್ಕ್ಯಾನರ್. ತಂದದ್ದು ಟೈಪಿಂಗ್ ಕೆಲಸಕ್ಕೆ. ಅದು ಹೆಚ್ಚು ದುಡಿದದ್ದು ಮಾತ್ರ ಅವನ ತಾಯಿಗಾಗಿ, ನನ್ನ ಅಜ್ಜಿಗಾಗಿ.

ಅಜ್ಜಿಯ ತವರು ಬಿ.ಜಿ. ಕೆರೆ. ಅಲ್ಲಿ ಕಲಿತ ಓದನ್ನು ಅವಳು ಮದುವೆಯಾದ ಮೇಲೂ ಬಿಡಲಿಲ್ಲ. ಮಾಸಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದಳು. ಹಾಗೆ ಒಂದು ಕತೆ ಅರ್ಧಕ್ಕೆ ಬಂದಿದ್ದಾಗ ಅವಳ ಕಣ್ಣು ಮಂಜಾಗತೊಡಗಿತು. ಮೊಳಕಾಲ್ಮೂರಿನಿಂದ ಸೊಸೆಯಾಗಿ ಬಂದಿದ್ದ ನನ್ನವ್ವ ಉಳಿದ ಕಂತುಗಳನ್ನು ಓದಿ ಹೇಳುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ಓದೂ ಓಡುತ್ತಿತ್ತು. "ಹಾರಿಸ್ಕೊಂಡು ಓದ್ತೀಯಲ್ಲೇ," ಎಂದು ಅಜ್ಜಿ ನಗುತ್ತಿದ್ದಳು. ಹೋದ ದೃಷ್ಟಿ ಮರಳದು, ಉಳಿದ ಮಸುಕು ನೋಟವನ್ನೇ ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ ದಿನವೇ ಅವ್ವ ಕೊನೆಯ ಕಂತನ್ನು ಓದಿ ಮುಗಿಸಿದಳು. ಆಮೇಲೆ ಅಜ್ಜಿ ಯಾರನ್ನೂ ಓದು ಎಂದು ಕೇಳಲಿಲ್ಲ. "ಅವ್ರಿಗೂ ಕೆಲ್ಸ ಐತೆ," ಎಂದು ಸುಮ್ಮನಾದಳು.

ಆ ಸುಮ್ಮನಿರುವಿಕೆ ಚಿಕ್ಕಪ್ಪನಿಗೆ ತಡೆಯದಾಯಿತು. ಅಚ್ಚಾದ ಪುಟವನ್ನು ಕಂಪ್ಯೂಟರೇ ಓದಿ ಅಕ್ಷರ ಮಾಡಿಕೊಂಡರೆ, ಆ ಅಕ್ಷರಗಳನ್ನು ತಾಯಿಯ ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಬಹುದಲ್ಲ ಎಂದು ಅವನ ಯೋಚನೆ. ಆಗ ಯಂತ್ರಕ್ಕೆ ಇಂಗ್ಲಿಷ್ ಓದಲು ಬರುತ್ತಿತ್ತು. ಕನ್ನಡ ಕೊಟ್ಟರೆ ಬರೀ ಪ್ರಶ್ನೆಚಿಹ್ನೆ ಉದುರಿಸುತ್ತಿತ್ತು. ಬಹಳ ದಿನಗಳ ಮೇಲೆ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೆಳೆಯನೊಬ್ಬ ಕನ್ನಡ ಓದುವ ತಂತ್ರಾಂಶವೊಂದನ್ನು ಪ್ರಯೋಗಕ್ಕೆಂದು ತಂದುಕೊಟ್ಟ. ಒಂದು ಮಧ್ಯಾಹ್ನ ಚಿಕ್ಕಪ್ಪ ಅದೇ ಹಳೆಯ ಕತೆಯ ಪುಟವನ್ನು ಸ್ಕ್ಯಾನರಿಗೆ ಕೊಟ್ಟು, ಅಜ್ಜಿಯನ್ನು ಪರದೆಯ ಮುಂದೆ ಕೂರಿಸಿದ. ಬದನೆಕಾಯಿ ಗಾತ್ರದ ಅಕ್ಷರಗಳು ಮೂಡಿದವು. ಅಜ್ಜಿ ಮುಖ ಮುಂದೆ ತಂದು ಓದಿದಳು: "ಪಗಳು ವನೆಗೆ ಬಂದಳು."

"ಇದಕ್ಕೆ ಹಲ್ಲು ಬಿದ್ದೋಗೈತೇನ್ಲೇ ಬಸವಾ?"

"‘ಮ’ ಅನ್ನೋಕೆ ಅದಕ್ಕೆ ಬರಲ್ಲವ್ವ. ಒಂದ್ಸಲ ‘ವ’ ಅಂತೈತೆ, ಒಂದ್ಸಲ ‘ಪ’. ತಡಿ, ತಿದ್ದಿ ಕೊಡ್ತೀನಿ."

"ಬ್ಯಾಡ ಬಿಡು. ನಾನೇ ತಿದ್ಕೊಂಡು ಓದ್ತೀನಿ."

"ಮಗಳು ಮನೆಗೆ ಬಂದಳು," ಎಂದು ಅವಳು ನಿಧಾನವಾಗಿ ಓದಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಸಾಲಿಗೆ ಯಾವ ಗುಂಡಿ ಒತ್ತಬೇಕೆಂದು ಕೇಳಿದಳು.

ಅಲ್ಲಿಂದ ಮಧ್ಯಾಹ್ನಗಳೆಲ್ಲ ಅವಳವಾದವು. ಮನೆಯ ಹೆಂಗಸರು ಮೊರದಲ್ಲಿ ಶೇಂಗಾ ತಂದು ಸುಲಿಯುತ್ತ ಕೂರುವರು, ಅಜ್ಜಿ ಗಟ್ಟಿಯಾಗಿ ಓದುವಳು. ಕರೆಂಟು ಹೋದರೆ ಎಲ್ಲರೂ ಕಾಯುವರು. ಹೀಗೆ ಓದುತ್ತ ಕತೆ ಕೊನೆ ಮುಟ್ಟಿತು. ಮನೆಗೆ ಬಂದಿದ್ದ ಆ ಮಗಳು ಜ್ವರದಲ್ಲಿ ತೀರಿಕೊಂಡಳು. ಅಜ್ಜಿ ಓದು ನಿಲ್ಲಿಸಿ ಅವ್ವನತ್ತ ತಿರುಗಿದಳು.

"ನೀನು ಓದಿದಾಗ ಈ ಹುಡುಗಿ ಬದುಕಿತ್ತಲ್ಲೇ?"

ಅವ್ವ ತಲೆ ಎತ್ತಲಿಲ್ಲ. "ಆಸ್ಪತ್ರೆಯಿಂದ ಅವತ್ತೇ ಬಂದಿದ್ರಿ ಅತ್ತೆ. ಇದನ್ನೂ ಹೇಳೋಕೆ ಮನ್ಸಾಗ್ಲಿಲ್ರಿ."

ಅಜ್ಜಿ ಕುರ್ಚಿಯಿಂದಿಳಿದು ಅವ್ವನ ಪಕ್ಕ ನೆಲದ ಮೇಲೆ ಕೂತಳು. "ನಿಂದೇ ಚೆನ್ನಾಗಿತ್ತು. ಇನ್ನೊಂದ್ಸಲ ಹೇಳು."

ಅವ್ವ ನಾಚಿಕೊಳ್ಳುತ್ತ ಹೇಳಿದಳು, ನಾವೆಲ್ಲ ಕೇಳಿದೆವು.

ಅಜ್ಜಿ ಕೊನೆಯವರೆಗೂ ಓದಿದಳು. ಅವಳು ಹೋದ ಮೇಲೆ ಚಿಕ್ಕಪ್ಪ ಹೋದ, ಈಚೆಗೆ ಅವ್ವನೂ. ಗಿರಣಿ ನಿಂತಿತು, ಮನೆ ಕೈಬದಲಾಯಿತು. ಈಗ ಫೋನು ಹಿಡಿದರೆ ಕನ್ನಡದ ಪುಟವನ್ನು ಕ್ಷಣದಲ್ಲಿ ಓದಿ, ದನಿ ತೆಗೆದು ಹೇಳುತ್ತದೆ. ನಿಮ್ಮ ಮನೆಯ ಹಿರಿಯರು ಅದಕ್ಕೆ ಕಿವಿಗೊಟ್ಟು ಕೂತಿದ್ದರೆ ನನಗೆ ನಿಜಕ್ಕೂ ಸಂತೋಷ. ಒಬ್ಬಳು ಓದಲೆಂದು ಇಷ್ಟು ಪಾಡುಪಟ್ಟವರ ಮನೆಯಲ್ಲಿ, ಅವರ ಮಗ್ಗುಲಲ್ಲೇ ಕೂತು ಕೇಳುವ ಭಾಗ್ಯ ನನಗೂ ಒಂದು ಕಾಲಕ್ಕೆ ಸಿಕ್ಕಿತ್ತು.