ಕ್ಲಚ್ಚಿಗೆ ಸುರಿದ ಒಂದು ಒಳಲೆ ಎಣ್ಣೆ

ಮೊನ್ನೆ ಭಾನುವಾರ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಗೇಟಿನ ಮುಂದೆ ಮೆಕ್ಯಾನಿಕ್ ನಿಮ್ಮ ಕಾರಿನೊಳಗಿನ ಕಾಲೊರಸನ್ನು ಎತ್ತಿ ಹೊರಗೆ ಹಾಕಿದನಲ್ಲ, ಆಗ ಆ ವಾಸನೆ ಬಂತು. ತುಸು ಸಿಹಿ, ತುಸು ಮೀನಿನ ನೀರಿನಂತೆ, ಗಂಟಲಿಗೆ ಹತ್ತುವ ವಾಸನೆ. ಕ್ಲಚ್ ಪೆಡಲ್ಲಿನ ಕಡ್ಡಿಗುಂಟ ಎಣ್ಣೆ ಇಳಿದು ಕಾಲೊರಸು ನೆನೆದಿತ್ತು. ಒತ್ತಿದ ಪೆಡಲ್ಲು ನೆಲಕ್ಕೆ ಅಂಟಿಕೊಂಡು ಮೇಲೇಳುತ್ತಿರಲಿಲ್ಲ. ನೀವಿಬ್ಬರು ಮೊಮ್ಮಕ್ಕಳೂ ಅವನ ತಲೆಯ ಮೇಲೆ ನಿಂತು ಕಿತ್ತಾಡುತ್ತಿದ್ದಿರಿ. “ನೀನೇ ಕಣೋ, ಸಿಗ್ನಲ್ಲಲ್ಲಿ ಹಾಫ್ ಕ್ಲಚ್ಚಲ್ಲೇ ನಿಲ್ತೀಯ” ಎಂದು ಚೈತ್ರ. “ನೀನು ಕೆಂಗೇರಿಗೆ ತಗೊಂಡೋಗಿ ಬಂದ್ಮೇಲೇ ಕಣೇ ಹಿಂಗಾಗಿದ್ದು” ಎಂದು ಮನು. “ಇಬ್ರುದೂ ತಪ್ಪಲ್ಲ ಮೇಡಂ, ಒಳಗಡೆ ಸೀಲ್ ಹೋಗಿದೆ, ಅಷ್ಟೇ” ಎಂದು ಆ ಮನುಷ್ಯ ಹೇಳಿದ್ದು ನಿಮ್ಮ ಕಿವಿಗೆ ಬೀಳಲೇ ಇಲ್ಲ. ಅವತ್ತಿನಿಂದ ನೀವು ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ. ನಾನು ಬಾಗಿಲ ಹಿಂದೆ ನಿಂತು ನೋಡಿದೆ, ಏನೂ ಹೇಳಲಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಗಂಡಸರ ಮುಂದೆ, ಜಗಳದ ಮುಂದೆ ನನಗೆ ಬಾಯಿ ಬರುವುದಿಲ್ಲ. ನಿಮ್ಮ ತಾತ ಇದ್ದಾಗ ನನ್ನ ಪರವಾಗಿ ಅವರು ಮಾತಾಡುತ್ತಿದ್ದರು. ಈಗ ಅವರೂ ಇಲ್ಲ. ಬರೆಯುವುದು ಮಾತ್ರ ಹೇಗೋ ಬರುತ್ತದೆ.

ಮಲ್ಲತ್ತಹಳ್ಳಿಯ ಕೆರೆ ಏರಿಯ ಕೆಳಗೆ ನಮ್ಮ ಮನೆಯಿತ್ತು. ಅದು ಸುಖದ ಮನೆ, ತುಂಬಿದ ಮನೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ ನಂಬಬೇಡಿ. ತುಂಬಿದ್ದೇನೋ ನಿಜ. ರಾಗಿಯ ಧೂಳು, ಒಲೆಯ ಹೊಗೆ, ದೊಡ್ಡ ಜಾಡಿಯಲ್ಲಿ ಹುಚ್ಚೆಳ್ಳೆಣ್ಣೆ, ಮೂಲೆಯಲ್ಲಿ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ, ಇವುಗಳ ನಡುವೆ ಹಗೆತನವೂ ಒಂದು ಸಾಮಾನಿನ ಹಾಗೆ ಇತ್ತು. ಅಪ್ಪ ಮತ್ತು ಅವರ ತಮ್ಮ ನಂಜಪ್ಪ, ನನ್ನ ಚಿಕ್ಕಪ್ಪ, ಒಂದೇ ಪಡಸಾಲೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದರು. ಅಪ್ಪ ತಮ್ಮನಿಗೆ ಏನಾದರೂ ಹೇಳಬೇಕಿದ್ದರೆ ಅಜ್ಜಿಯ ಕಡೆ ತಿರುಗಿ, “ನಿನ್ ಮಗನಿಗೆ ಹೇಳು, ಮೇಲಿನ ತೆವರಿನ ಹೊಲಕ್ಕೆ ನೀರು ಹೋಗಿಲ್ಲ” ಎನ್ನುತ್ತಿದ್ದರು. ಚಿಕ್ಕಪ್ಪ ಅಲ್ಲೇ ಇರುತ್ತಿದ್ದರು, ತುತ್ತು ಕೈಯಲ್ಲಿ. ಅವ್ವನಿಗೋ ಮದುವೆಯಾಗದ ಮೈದುನನಿಗೆ ಮೂರು ಹೊತ್ತು ಮುದ್ದೆ ತಿರುವುವುದೇ ಒಂದು ಶಿಕ್ಷೆ. ಅವರ ತಟ್ಟೆಯನ್ನು ಅವಳು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು. ನನ್ನೊಡನೆ ಮೆಲ್ಲಗೆ ಮಾತಾಡುತ್ತಿದ್ದವರು ಆ ಮನೆಯಲ್ಲಿ ಚಿಕ್ಕಪ್ಪ ಒಬ್ಬರೇ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಆ ಮನೆಗೆ ಒಂದು ಕಾರು ಬಂತು. ಯಾರೋ ದೊಡ್ಡವರು ಓಡಿಸಿ ಬಿಟ್ಟ ಕಪ್ಪು ಕಾರು. ಬಾಗಿಲು ಹಾಕಿದರೆ ಕಣಜದ ಬಾಗಿಲಿನಂತೆ ಧಡ್ ಎನ್ನುತ್ತಿತ್ತು. ಸೀಟಿನಲ್ಲಿ ತೆಂಗಿನ ನಾರಿನ ವಾಸನೆ. ಮದುವೆಗೆ, ಬಾಣಂತಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಸುತ್ತಲ ಊರವರು ಬಾಡಿಗೆಗೆ ಕೇಳುತ್ತಿದ್ದರು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ, ಕಲಿಯಲು ಹೋಗಿ ಎರಡೇ ದಿನಕ್ಕೆ ಬಿಟ್ಟಿದ್ದರು. ಓಡಿಸುತ್ತಿದ್ದವರು ಚಿಕ್ಕಪ್ಪ. ಆ ಕಾರಿನಲ್ಲಿ ಕೂತಾಗ ಅವರು ಬೇರೆಯೇ ಮನುಷ್ಯ. ಬರಿಗಾಲಿನಲ್ಲಿ ಕ್ಲಚ್ಚನ್ನು ಮೆತ್ತಗೆ ಒತ್ತಿ, ಗೇರು ಹಾಕಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಬಿಡುತ್ತಿದ್ದರು. ಕಾರು ಹೊರಟದ್ದೇ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅಪ್ಪನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ತಮ್ಮನ ಕಾಲಿಗೆ ತಾನು ಕಾಯಬೇಕಲ್ಲ ಎಂಬ ಉರಿ.

ನಮ್ಮಲ್ಲಿ ಒಂದು ವಾಡಿಕೆಯಿತ್ತು. ಆಯುಧಪೂಜೆಯ ದಿನ ಬೆಳಿಗ್ಗೆ ಮನೆಯ ಹೆಣ್ಣುಮಗಳೊಬ್ಬಳು ಸ್ನಾನ ಮಾಡಿ, ಎಳೆಕೂಸಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆಯಲ್ಲಿ ಹುಚ್ಚೆಳ್ಳೆಣ್ಣೆ ತುಂಬಿಕೊಂಡು, ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆ ಕುಡಿಸಬೇಕು. ಬಾವಿಯ ರಾಟೆಗೆ, ಗಾಡಿಯ ಕೀಲಿಗೆ, ಬಾಗಿಲ ತಿರುಗಣಿಗೆ, ಕುಡುಗೋಲಿಗೆ. ಕೊನೆಯ ಕಬ್ಬಿಣ ಕುಡಿಯುವವರೆಗೆ ಮಾತಾಡಬಾರದು, ಏನನ್ನೂ ಕೇಳಬಾರದು. ಮಾತಾಡಿದರೆ ಕಬ್ಬಿಣ ಮುನಿಯುತ್ತದೆ ಎನ್ನುತ್ತಿದ್ದಳು ಅಜ್ಜಿ. ಮಾತೇ ಬಾರದ ನನಗೆ ಹೇಳಿ ಮಾಡಿಸಿದ ಕೆಲಸ. ನನಗಾಗ ಹನ್ನೊಂದು ವರ್ಷ. ಮನೆಯ ಉಳಿದ ಕಬ್ಬಿಣಕ್ಕೆಲ್ಲ ಕುಡಿಸಿ, ಒಳಲೆಯನ್ನು ಮತ್ತೆ ತುಂಬಿಕೊಂಡು ಅಂಗಳಕ್ಕೆ ಬಂದರೆ ಕಾರಿನ ಮೂತಿ ತೆರೆದಿತ್ತು. ಚಿಕ್ಕಪ್ಪ ಅದನ್ನು ತೊಳೆದು, ಒರೆಸಿ, ಚೆಂಡು ಹೂವು ತರಲು ಹೋಗಿದ್ದರು. ಒಳಗೆ ಅಕ್ಕಪಕ್ಕ ಎರಡು ಸಣ್ಣ ಡಬ್ಬಿಗಳು, ದಪ್ಪನೆಯದು ಬ್ರೇಕಿಗೆ, ಸಣ್ಣದು ಕ್ಲಚ್ಚಿಗೆ ಎಂದು ಆಮೇಲೆ ತಿಳಿಯಿತು. ದಪ್ಪ ಡಬ್ಬಿಯ ಮುಚ್ಚಳ ನನ್ನ ಕೈಗೆ ತಿರುಗಲಿಲ್ಲ. ತಿರುಗಿದ್ದರೆ ಎಷ್ಟು ಜನ ಸಾಯುತ್ತಿದ್ದರೋ. ಸಣ್ಣದರ ಮುಚ್ಚಳ ಸಡಿಲವಾಗಿತ್ತು. ಒಳಗೆ ಎಣ್ಣೆಯಂಥದ್ದೇ ಇತ್ತು, ಸ್ವಲ್ಪ ಕಡಿಮೆಯಿತ್ತು. ಇದಕ್ಕೂ ದಾಹ ಎಂದುಕೊಂಡು ಒಳಲೆಯಲ್ಲಿದ್ದದ್ದನ್ನೆಲ್ಲ ಸುರಿದೆ. ಮುಚ್ಚಳ ಹಾಕಿ ಮೇಲೆ ಕುಂಕುಮ ಇಟ್ಟೆ. ಕೇಳೋಣವೆಂದರೆ ಕೇಳುವ ಹಾಗಿರಲಿಲ್ಲ.

ಹಬ್ಬ ಕಳೆದು ಮೂರು ವಾರಕ್ಕೆ ಉಲ್ಲಾಳದಲ್ಲಿ ಒಂದು ಮದುವೆ. ಮದುಮಗನನ್ನು ನಮ್ಮ ಕಾರಿನಲ್ಲಿ ಮೆರವಣಿಗೆ ತರುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಊರು ಹತ್ತಿರ ಬರುವಾಗ ಏರು. ಚಿಕ್ಕಪ್ಪ ಪೆಡಲ್ಲು ಒತ್ತಿ ಗೇರು ಬದಲಿಸಹೋದರೆ ಗರ್ ಎಂದು ಕಬ್ಬಿಣ ಕಡಿಯುವ ಸದ್ದು. ಇನ್ನೊಮ್ಮೆ ಒತ್ತಿದರು. ಪೆಡಲ್ಲು ಹೋದದ್ದು ಹೋದ ಹಾಗೇ ನಿಂತಿತು. ಕಾಲ ಬೆರಳಿನಿಂದ ಅದನ್ನು ಮೇಲೆತ್ತಿ ಎತ್ತಿ ಒತ್ತಿದರು. ಕಾರು ಎರಡು ಸಲ ಕುಪ್ಪಳಿಸಿ, ಹಿಂದಕ್ಕೆ ಜಾರಿ, ರಾಗಿ ಹೊಲದ ಬದುವಿಗೆ ತಗುಲಿ ನಿಂತಿತು. ಬಾಸಿಂಗ ಕಟ್ಟಿಕೊಂಡ ಮದುಮಗ ಕೆಳಗಿಳಿದು ನಡೆದ. ಎದುರುಗೊಳ್ಳಲು ಬಂದಿದ್ದ ವಾಲಗದವರು ಬಾಯಿಂದ ವಾಲಗ ತೆಗೆದು ನಕ್ಕರು. “ಗೌಡ್ರ ಕಾರಿಗೆ ಎತ್ತು ಕಟ್ರಪ್ಪೋ!” ಎಂದು ಯಾರೋ ಕೂಗಿದರು. ಅಪ್ಪ ಅಷ್ಟು ಜನರ ಮುಂದೆ ಹೆಗಲ ಟವೆಲ್ಲು ತೆಗೆದು ಚಿಕ್ಕಪ್ಪನ ಮುಖಕ್ಕೆ ಬೀಸಿದರು. ಟವೆಲ್ಲು ಅಷ್ಟೇ, ಪೆಟ್ಟೇನೂ ಆಗಲಿಲ್ಲ. ಆದರೆ ಆ ಮುಖವನ್ನು ನಾನು ನೋಡಿದೆ.

ಕಾರನ್ನು ನಿಜಕ್ಕೂ ಎತ್ತು ಕಟ್ಟಿಯೇ ಮನೆಗೆ ಎಳೆತಂದರು. ಮಾರನೆಯ ದಿನ ವಿಜಯನಗರದಿಂದ ರಹೀಂ ಸಾಬರು ಸೈಕಲ್ಲಿನಲ್ಲಿ ಬಂದರು. ಸುತ್ತಲ ಪಂಪುಸೆಟ್ಟು, ಲಾರಿ ಎಲ್ಲವನ್ನೂ ನೋಡುತ್ತಿದ್ದ ಮುದುಕ. ಬಂದವರು ಮೊದಲು ಸಾಮಾನಿನ ಚೀಲ ಬಿಚ್ಚಲಿಲ್ಲ. ಪೆಡಲ್ಲನ್ನು ಕೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕಣ್ಣು ಮುಚ್ಚಿ ಕೇಳಿದರು. ಕೆಳಗೆ ಅಡ್ಡವಾಗಿದ್ದ ಗೋಣಿಯನ್ನು ತೆಗೆದು ಮತ್ತೆ ಒತ್ತಿದರು. ಎಷ್ಟೋ ಸಲ ಮಡಿಚಿದ ಗೋಣಿಯೇ ಪೆಡಲ್ಲನ್ನು ತಡೆಯುತ್ತದಂತೆ. ಅದಲ್ಲ. ಸ್ಪ್ರಿಂಗು ನೋಡಿದರು, ಸರಿಯಿತ್ತು. ಕಾರಿನ ಕೆಳಗೆ ಮಲಗಿ ಕೊಳವೆಗುಂಟ ಬೆರಳಾಡಿಸಿದರು, ಸೋರಿಕೆಯಿಲ್ಲ. ಆಮೇಲೆ ಚಿಕ್ಕಪ್ಪನನ್ನು ಸೀಟಿನಲ್ಲಿ ಕೂರಿಸಿ ಕೆಳಗಿನಿಂದಲೇ ಕೂಗಿದರು: “ಒತ್ತಿ ನಂಜಪ್ಪೋರೇ… ಹಿಡೀರಿ, ಬಿಡ್ಬೇಡಿ… ಹ್ಞಾಂ, ಈಗ ಬಿಡಿ.” ಒತ್ತಿ ಹಿಡಿದಾಗ ಅವರು ಒಂದು ಸಣ್ಣ ತಿರುಪು ಸಡಿಲಿಸಿ ಎಣ್ಣೆ ಹೊರಬಿಟ್ಟು, ಕಾಲು ತೆಗೆಯುವ ಮುಂಚೆ ಮತ್ತೆ ಬಿಗಿಯುತ್ತಿದ್ದರು. ಒಳಗೆ ಗಾಳಿ ಸೇರಿದ್ದರೆ ಎಣ್ಣೆಯ ಜೊತೆ ಗುಳ್ಳೆ ಬರಬೇಕು. ಗುಳ್ಳೆ ಬರಲಿಲ್ಲ. ಬಂದದ್ದು ಅಕ್ಕಿ ತೊಳೆದ ನೀರಿನಂಥ ಕದಡು. ಸಾಬರು ಅದನ್ನು ಬೆರಳಿನಲ್ಲಿ ತಿಕ್ಕಿ ಮೂಗಿಗೆ ಹಿಡಿದು ಎದ್ದು ಕೂತರು. ಡಬ್ಬಿಯನ್ನೂ ಅದರ ಕೆಳಗಿನ ಸಿಲಿಂಡರನ್ನೂ ಬಿಚ್ಚಿದರು. ಒಳಗಿನ ರಬ್ಬರ್ ಬಟ್ಟಲನ್ನು ಅಂಗೈಯಲ್ಲಿಟ್ಟು ತೋರಿಸಿದರು. ನೀರಿನಲ್ಲಿ ನೆನೆದ ಅವರೆಕಾಳಿನ ಹಾಗೆ ಅದು ಊದಿತ್ತು.

“ನೋಡಿ ಗೌಡ್ರೇ, ಇದು ಊದ್ಕೊಂಡು ಒಳಗಡೆ ಕಚ್ಕೊಂಡ್ಬಿಟ್ಟಿದೆ. ಪೆಡಲ್ಲು ಹೆಂಗೆ ಮೇಲೆ ಬರುತ್ತೆ? ಇದಕ್ಕೆ ಬ್ರೇಕ್ ಎಣ್ಣೆ ಬಿಟ್ರೆ ಬೇರೆ ಏನೂ ಆಗಲ್ಲ. ಪೆಟ್ರೋಲ್ ಕೂಡ ಸೋಕಬಾರದು. ಯಾರೋ ಹುಚ್ಚೆಳ್ಳೆಣ್ಣೆ ಹಾಕವ್ರೆ.”

ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ತೊಳೆದು ರಬ್ಬರುಗಳನ್ನೆಲ್ಲ ಹೊಸದು ಹಾಕಬೇಕು, ಹೊಸ ಎಣ್ಣೆ ತುಂಬಿ ಗಾಳಿ ತೆಗೆದರೆ ಮುಗಿಯಿತು, ಅರ್ಧ ದಿನದ ಕೆಲಸ ಎಂದರು. ಅರ್ಧ ದಿನದ ಕೆಲಸ. ಅಪ್ಪನಿಗೆ ಅದು ಕೇಳಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆಗಲೇ ಸಿಕ್ಕಿತ್ತು. ವರ್ಷಗಳಾದ ಮೇಲೆ ಮೊದಲ ಸಲ ತಮ್ಮನ ಮುಖ ನೋಡಿ ಮಾತಾಡಿದರು.

“ಪೇಟೆಗೆ ಹೋಗಿ ಎಣ್ಣೆ ತರಕ್ಕೆ ಮೈ ಬಗ್ಗಲಿಲ್ಲ, ಅಲ್ವೇನ್ಲಾ? ಒಲೆ ಮುಂದಿನ ಎಣ್ಣೆ ಹುಯ್ದು ಕೂತ್ಕಂಡೆ.”

“ನಾನು ಹುಯ್ದಿಲ್ಲ ಅಣ್ಣಯ್ಯ.”

“ಮತ್ತೆ ಕಾರೇ ಎದ್ದೋಗಿ ಕುಡ್ಕಂಡು ಬಂತಾ?”

“ಅಮ್ಮನ ಮೇಲಾಣೆ, ನಂಗೊತ್ತಿಲ್ಲ.”

“ಮೈಗಳ್ಳ ನನ್ಮಗನೆ, ಆಣೆ ಬೇರೆ ಇಕ್ತೀಯ!”

ಕಾರಿನ ಮೂತಿ ತೆಗೆಯುವವರು ಚಿಕ್ಕಪ್ಪ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಾಬರು ತಲೆ ತಗ್ಗಿಸಿ ಕೈ ಒರೆಸಿಕೊಂಡರು. ನಾನು ಕಂಬದ ಮರೆಯಲ್ಲಿದ್ದೆ. ಹಿತ್ತಿಲಿಗೆ ಓಡಿ, ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಅವ್ವನ ಸೆರಗು ಹಿಡಿದು, ಎಣ್ಣೆ ಹಾಕಿದ್ದು ನಾನು ಎಂದೆ. ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಬಿಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಗಾಬರಿಯಾಯಿತೆಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳ ಮುಖದಲ್ಲಿ ಕಂಡದ್ದು ನೆಮ್ಮದಿ. “ಬಾಯ್ ಮುಚ್ಕಂಡಿರು. ಹೋದ್ರೆ ಹೋಗ್ಲಿ, ಪೀಡೆ ತೊಲಗ್ತದೆ. ಇನ್ನೊಂದ್ ಸಲ ಈ ಮಾತೆತ್ತಿದ್ರೆ ನಾಲ್ಗೆಗೆ ಬರೆ ಇಕ್ಕಿಬಿಡ್ತೀನಿ” ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಅದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಒಂದು ತಗಡಿನ ಪೆಟ್ಟಿಗೆ ಹೊತ್ತು ಉಲ್ಲಾಳದ ಕಡೆ ನಡೆದರು. ಹೋಗುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟು, “ಚೆನ್ನಾಗಿ ಓದವ್ವ” ಎಂದರು. ಅಜ್ಜಿ ಅವ್ವನ ಕೈಯಿಂದ ಉಣ್ಣುವುದನ್ನು ಬಿಟ್ಟು, ಮೂಲೆಯಲ್ಲಿ ಬೇರೆ ಒಲೆ ಹೂಡಿದಳು. ಓಡಿಸುವವರಿಲ್ಲದ ಕಾರಿಗೆ ಹೊಸ ರಬ್ಬರು ಯಾಕೆಂದು ಅಪ್ಪ ಸಾಬರನ್ನು ಕಳಿಸಿಬಿಟ್ಟಿದ್ದರು. ಕಾರು ಹೊಂಗೆ ಮರದ ಕೆಳಗೆ ನಿಂತು ಕೊಳೆಯಿತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಊರಿನ ಹೊಲಗಳು ಒಂದೊಂದಾಗಿ ಸೈಟುಗಳಾದವು. ಚಿಕ್ಕಪ್ಪ ಯಾವುದೋ ಕಾರ್ಖಾನೆಯ ಲಾರಿ ಓಡಿಸಿಕೊಂಡು, ಉಲ್ಲಾಳದಲ್ಲೇ ಮದುವೆಯಾಗಿ ಉಳಿದರು. ಅಜ್ಜಿ ತೀರಿಕೊಂಡಾಗ ಬೇಲಿಯ ಆಚೆಯೇ ನಿಂತಿದ್ದು, ಕೊನೆಗೆ ಬಂದು ಮಣ್ಣು ಹಾಕಿ ಹೋದರು. ಅಪ್ಪ ತೀರಿಕೊಂಡಾಗ ಬರಲೇ ಇಲ್ಲ. ಅಪ್ಪ ಕೊನೆಯವರೆಗೂ ಅವರನ್ನು ಮೈಗಳ್ಳ ಎಂದೇ ಕರೆದರು.

ಅವ್ವನೂ ಹೋದ ಮೇಲೆ, ಇನ್ನು ಬಾಯಿಗೆ ಬರೆ ಹಾಕುವವರಿಲ್ಲವೆಂದು, ನಾನು ಒಂದು ದಿನ ಬಸ್ಸು ಹತ್ತಿ ಉಲ್ಲಾಳಕ್ಕೆ ಹೋದೆ. ಚಿಕ್ಕಪ್ಪ ಜಗುಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಗುರುತಿಸಿ ನಕ್ಕರು, ಚಾಪೆ ಹಾಸಿದರು, “ಬಾರವ್ವ, ದಾರಿ ತಪ್ಪಿ ಬಂದ್ಯಾ?” ಎಂದರು. ನಾನು ಕೂರುವ ಮುಂಚೆಯೇ ಹೇಳಿಬಿಟ್ಟೆ. ಅವರ ಕೈ ನಿಂತಿತು.

“ಎಷ್ಟು ಹುಯ್ದೆ?”

“ಒಂದು ಒಳಲೆ, ಚಿಕ್ಕಪ್ಪ.”

“ಒಂದೊಳಲೆ.” ಕೈಯಲ್ಲಿದ್ದ ಕಡಲೆಕಾಯಿಯನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ಮೆಲ್ಲಗೆ, ನನ್ನೊಡನೆ ಯಾವಾಗಲೂ ಮಾತಾಡುತ್ತಿದ್ದ ಅದೇ ದನಿಯಲ್ಲಿ ಕೇಳಿದರು: “ನಿಮ್ಮಪ್ಪ ಬದುಕಿದ್ದಾಗ ಬಂದು ಅವನ ಮುಂದೆ ಹೇಳಕ್ಕೆ ಏನಾಗಿತ್ತು ನಿಂಗೆ? ಈಗ ಇದನ್ನ ತಗಂಡು ನಾನೇನ್ ಮಾಡ್ಲಿ?”

ಒಳಗಿನಿಂದ ಚಿಕ್ಕಮ್ಮ ಕಾಫಿ ಹಿಡಿದು ಬಂದರು. “ಅವಳಿಗೆ ಬ್ಯಾಡ” ಎಂದರು ಚಿಕ್ಕಪ್ಪ. “ಹೊರಟ್ಲು.” ನಾನು ಹೊರಟೆ. ಅವರು ಸತ್ತ ಸುದ್ದಿ ನನಗೆ ಹನ್ನೊಂದನೆಯ ದಿನಕ್ಕೆ ಯಾರೋ ಹೇಳಿ ಗೊತ್ತಾಯಿತು.

ಈ ಕಥೆಯಲ್ಲಿ ಅಪ್ಪ ಕೆಟ್ಟವರು, ಅವ್ವ ಕೆಟ್ಟವಳು ಎಂದು ನೀವು ಅಂದುಕೊಂಡರೆ ನನಗೆ ಸುಲಭ. ಆದರೆ ನಿಮ್ಮಪ್ಪ ಚಿಕ್ಕವನಿದ್ದಾಗ ಶಾಲೆಯ ಲೆಕ್ಕ ಮಾಡದೆ ಕೂತರೆ, ನಾನೇ ಅವನಿಗೆ ಹೇಳುತ್ತಿದ್ದೆ: ನಮ್ಮ ಮನೆಯಲ್ಲೊಬ್ಬ ಮೈಗಳ್ಳನಿದ್ದ, ಪೇಟೆಗೆ ಹೋಗಲಾರದೆ ಕಾರಿಗೆ ಹುಚ್ಚೆಳ್ಳೆಣ್ಣೆ ಹುಯ್ದ, ಅವನ ಹಾಗೆ ಆಗಬೇಡ ಎಂದು. ಯಾರೂ ನನ್ನ ಬಾಯಿಂದ ಅದನ್ನು ಹೇಳಿಸಲಿಲ್ಲ. ಹೇಳುತ್ತ ಹೇಳುತ್ತ ಅದು ನನಗೂ ನಿಜದ ಹಾಗೆ ಕೇಳಿಸತೊಡಗಿತ್ತು. ನಿಮ್ಮಪ್ಪ ಈಗಲೂ ಹಾಗೆಯೇ ನಂಬಿದ್ದಾನೆ. ನಂಜಪ್ಪ ಎಂಬ ಒಬ್ಬ ಮನುಷ್ಯನ ಹೆಸರು ನಮ್ಮ ವಂಶದಲ್ಲಿ ಉಳಿದಿರುವುದು ಅಷ್ಟೇ ಮಾತಿನಲ್ಲಿ. ಆ ಮನೆಯಿಲ್ಲ, ಅಂಗಳವಿಲ್ಲ, ಅವರಷ್ಟು ಮೆತ್ತಗೆ ಕ್ಲಚ್ಚು ಬಿಡುವವರನ್ನು ಆಮೇಲೆ ನಾನು ಕಂಡಿಲ್ಲ. ಚೈತ್ರ, ಮನು, ಈ ಕಾಗದಗಳನ್ನು ಇಬ್ಬರೂ ಜೊತೆಯಲ್ಲಿ ಕೂತು ನಿಮ್ಮಪ್ಪನಿಗೆ ಓದಿ ಹೇಳಿ. ಗಟ್ಟಿಯಾಗಿ ಓದಿ. ನಾನು ಒಳಗಿನ ಕೋಣೆಯಲ್ಲಿರುತ್ತೇನೆ. ಬಾಗಿಲು ಹಾಕಿಕೊಳ್ಳುವುದಿಲ್ಲ.