ಸಿಸ್ಟರ್ ಸಮುದ್ರ ನೋಡಲು ಹೊರಟದ್ದು

ದಿಗ್ವಿಜಯಕ್ಕೆ ಹೊರಟ ವೀರರು ಬಿಲ್ಲು ಹಿಡಿದರು, ಕತ್ತಿ ಹಿಡಿದರು. ನಮ್ಮ ಸಿಸ್ಟರ್ ಹಿಡಿದದ್ದು ಮಣಿಕಟ್ಟು. ತನ್ನದಲ್ಲ, ಎದುರಿಗೆ ಸಿಕ್ಕವರದು. ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ತಲೆ ನರೆಯುವಷ್ಟು ಕಾಲ ದುಡಿದ ಈ ಹೆಂಗಸಿನ ಹಿಡಿತಕ್ಕೆ ಸಿಗದ ಕೈ ಆ ಊರಿನಲ್ಲಿ ಉಳಿದಿರಲಿಲ್ಲ. ಅಂಚೆಯವನು ಕಾಗದ ಚಾಚಿದರೆ ಕಾಗದ ನೆಲಕ್ಕೆ, ಕೈ ಸಿಸ್ಟರಿಗೆ. ಒಮ್ಮೆ ಹಿತ್ತಲಿಗೆ ಹಾರಿದ ಕಳ್ಳನ ಕೈಯನ್ನೂ ಹೀಗೇ ಹಿಡಿದಳಂತೆ. ಅವನು ಪೊಲೀಸರಿಗೆ ಒಪ್ಪಿಸುತ್ತಾಳೆಂದು ನಡುಗುತ್ತಿದ್ದರೆ ಇವಳು, "ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?" ಎಂದು ಕೇಳಿದಳಂತೆ. ಕಳ್ಳ ಮರುದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವರನ್ನು ಕಂಡವರು ಯಾರೂ ಇಲ್ಲ, ಅದು ಬೇರೆ ಮಾತು.

ನಾಡಿ ಬರೀ ನೆಪ. ಬೆರಳು ನಾಡಿಯ ಮೇಲೆ, ಕಣ್ಣು ಎದೆಯ ಏರಿಳಿತದ ಮೇಲೆ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ಹೇಳಿದ ಕ್ಷಣವೇ ಯಾರ ಉಸಿರೂ ನೆಟ್ಟಗೆ ಆಡುವುದಿಲ್ಲ, ಕ್ಯಾಮೆರಾದ ಮುಂದೆ ನಿಂತವನ ನಗುವಿನಂತೆ ಸೆಟೆದುಕೊಳ್ಳುತ್ತದೆ. ಅದಕ್ಕೇ ನಾಡಿ ಎಣಿಸಿ ಮುಗಿದರೂ ಕೈ ಬಿಡದೆ ಗುಟ್ಟಾಗಿ ಉಸಿರು ಎಣಿಸುವುದು ದಾದಿಯರ ಹಳೆಯ ಉಪಾಯ. ಸಿಸ್ಟರಿಗೆ ಉಪಾಯವೇ ಚಾಳಿಯಾಯಿತು. ಮೊದಲ ಭೇಟಿಯ ದಿನ, ಮೂರಂತಸ್ತು ಹತ್ತಿ ಬಂದಿದ್ದ ಭಾವೀ ಗಂಡನ ಕೈಯನ್ನೂ ಹಿಡಿದುಕೊಂಡೇ ಮಾತಾಡಿದ್ದಳು. ಪಾಪ, ಆತ ಅದನ್ನು ಪ್ರೇಮವೆಂದು ತಿಳಿದ. ನಿಜ ಗೊತ್ತಾಗುವ ಹೊತ್ತಿಗೆ ಮದುವೆ ಮುಗಿದಿತ್ತು.

ಲೋಕದ ಕೈಯನ್ನು ಇಷ್ಟು ಬಿಗಿಯಾಗಿ ಹಿಡಿದವಳನ್ನು ಲೋಕ ಸುಮ್ಮನೆ ಬಿಟ್ಟೀತೇ? ಅದೂ ಹಿಡಿದುಕೊಂಡಿತು. ಮಾವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಮನೆಯ ನಡುಕೋಣೆಗೆ ಕಬ್ಬಿಣದ ಮಂಚ ಬಂತು. ಹಗಲು ಆ ವಾರ್ಡು, ಉಳಿದ ಹೊತ್ತು ಈ ವಾರ್ಡು. ಆ ವಾರ್ಡಿನಲ್ಲಾದರೂ ಪಾಳಿ ಬದಲಾಗುತ್ತಿತ್ತು.

ಇದರಲ್ಲಿ ಅವಳ ಕೈವಾಡವೂ ಇತ್ತೆನ್ನಿ. ಮೊದಮೊದಲು ಗಂಡ ನೆರವಿಗೆ ಬಂದಿದ್ದ. ಒಂದು ದಿನ ಮಲಗಿದ್ದ ಅಪ್ಪನಿಗೆ ಹಾಗೇ ನೀರು ಕುಡಿಸಿದ. ನೀರು ನೆತ್ತಿಗೆ ಹತ್ತಿ ಮುದುಕರ ಮುಖ ನೀಲಿಗಟ್ಟಿತು. ಸಿಸ್ಟರ್ ಓಡಿಬಂದು ಎಬ್ಬಿಸಿ ಕೂರಿಸಿ, ಗಂಟಲು ತಿಳಿಯಾಗುವವರೆಗೂ ಬೆನ್ನಿಗೆ ಆಸರೆಯಾಗಿ ನಿಂತಿದ್ದು, ಆಮೇಲೆ ಲೋಟ ಕಿತ್ತುಕೊಂಡು ಅಪ್ಪಣೆ ಕೊಡಿಸಿದಳು: "ಇನ್ಮೇಲೆ ಇವರನ್ನ ಯಾರೂ ಮುಟ್ಟಬೇಡಿ. ನುಂಗೋಕೆ ಕಷ್ಟ ಇರೋರನ್ನ ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಗುಟುಕು ಗುಟುಕಾಗಿ ಕೊಡಬೇಕು. ನಿಮ್ಮಿಂದಾಗಲ್ಲ."

ಅವಳ ಯಾವ ಮಾತನ್ನೂ ಪೂರ್ತಿ ಕೇಳದ ಆ ಮನೆ ಈ ಮಾತನ್ನು ಮಾತ್ರ ತಲೆಬಾಗಿ ಪಾಲಿಸಿತು. ಗಂಡ ಮುಟ್ಟಲಿಲ್ಲ. ಎರಡು ಬೀದಿ ಆಚೆಯಿದ್ದ ನಾದಿನಿ ಬಂದವಳು ಬಾಗಿಲಲ್ಲೇ ನಿಂತು, "ಅಯ್ಯೋ ಅತ್ತಿಗೆ, ನೀವು ಓದಿದೋರು. ನಾವು ಮುಟ್ಟಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಕಾಫಿಗೆ ಕಾಯುತ್ತಿದ್ದಳು.

ಸಿಸ್ಟರಿನ ಅಕ್ಕ ಇದ್ದದ್ದು ಸಮುದ್ರದ ದಂಡೆಯ ಊರಿನಲ್ಲಿ. "ಬಾರೇ, ನಾಲ್ಕು ದಿನ ಇದ್ದು ಹೋಗು" ಎಂದು ಕರೆದು ಕರೆದು ಅವಳ ಗಂಟಲೇ ಕಟ್ಟಿತ್ತು. ಸಿಸ್ಟರ್ ಸಮುದ್ರವನ್ನು ಕಂಡದ್ದು ವಾರ್ಡಿನ ಕ್ಯಾಲೆಂಡರಿನಲ್ಲಿ. ಈ ಸಲ ಹೇಗೋ ರಜೆ ಸಿಕ್ಕಿತು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಈ ಸಲ ತಪ್ಪಿದರೆ ಇನ್ನು ಕ್ಯಾಲೆಂಡರೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಹೊರಡುವ ಮುಂಚೆ ಮನೆಯಲ್ಲಿ ಪಾಠಶಾಲೆ ನಡೆಯಿತು. ಗಂಡನನ್ನೇ ರೋಗಿಯಾಗಿ ಮಲಗಿಸಿ ನಾದಿನಿಯ ಕೈಯಲ್ಲಿ ಮಗ್ಗುಲು ಬದಲಿಸುವ ಅಭ್ಯಾಸ ಮಾಡಿಸಿದಳು.

"ಎಳೀಬೇಡ! ಎಳೆದ್ರೆ ಚರ್ಮ ಕಿತ್ತುಬರುತ್ತೆ. ಮಂಡಿ ಮಡಿಸು, ಭುಜ ಸೊಂಟ ಎರಡಕ್ಕೂ ಕೈ ಕೊಟ್ಟು ನಿನ್ನ ಕಡೆ ಹೊರಳಿಸ್ಕೋ."

"ಅತ್ತಿಗೆ, ಅಣ್ಣ ಭಾರ."

"ನಿಮ್ಮಪ್ಪ ಇನ್ನೂ ಭಾರ."

"ಲೇ, ಕಚಗುಳಿ ಆಗ್ತಿದೆ" ಎಂದ ಗಂಡ.

"ರೀ, ಲಕ್ವ ಹೊಡೆದೋರು ನಗಲ್ಲ. ಸುಮ್ನೆ ಬಿದ್ದಿರಿ."

ಆಚೆ ಮಂಚದಿಂದ ಮಾವ ತೊದಲು ನಾಲಿಗೆಯಲ್ಲೇ ತಿದ್ದಿದರು: "ನಾನು ನಗ್ತೀನಲ್ಲ. ಅರ್ಧ ಬಾಯಲ್ಲಿ."

ಹೊರಡುವ ದಿನ ಬೆಳಗ್ಗೆ ಮಾವ ತಮ್ಮ ಬತ್ತಳಿಕೆಯ ಬ್ರಹ್ಮಾಸ್ತ್ರ ತೆಗೆದರು. "ಸಿಸ್ಟರಮ್ಮ, ಯಾಕೋ ಉಸಿರೇ ಸಿಗ್ತಿಲ್ಲ." ಕಣ್ಣು ಮೇಲೆ, ಕೈ ಎದೆಯ ಮೇಲೆ. ಸಿಸ್ಟರ್ ಬ್ಯಾಗು ಕೆಳಗಿಟ್ಟು ಮಣಿಕಟ್ಟು ಹಿಡಿದಳು. ತುಟಿ ಕೆಂಪಗಿದೆ, ಉಗುರು ನೀಲಿಯಾಗಿಲ್ಲ, ಕತ್ತಿನ ಬುಡ ಒಳಕ್ಕೆ ಸೆಳೆಯುತ್ತಿಲ್ಲ. ಉಸಿರೋ, ಒಲೆಯ ಪಕ್ಕ ಮಲಗಿದ ಬೆಕ್ಕಿನದರಂತೆ ಸಲೀಸು.

"ಮಾವ, ನಾಟಕ ಸಾಕು."

"ಗೊತ್ತಾಗೋಯ್ತಾ?"

"ಹೂಂ."

ಮಾವ ಬಲಗೈಯಿಂದ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಿನ್ನ ಗಂಡ ನನ್ನ ಬೀಳಿಸ್ತಾನೆ ಕಣಮ್ಮ. ಅದೊಂದೇ ಭಯ." ಆಮೇಲೆ ತಾವೇ ಕಂಬಿ ಬಿಟ್ಟರು. "ಹೋಗು ಹೋಗು. ನಾನಂತೂ ಎದ್ದು ಹೋಗೋ ಹಾಗಿಲ್ಲ. ನೀನಾದ್ರೂ ಹೋಗು."

ಆಟೋ ಗೇಟಿಗೆ ಬಂತು. ಸಿಸ್ಟರ್ ಬ್ಯಾಗು ಹಿಡಿದು ಅಂಗಳಕ್ಕಿಳಿದಳು. ಗೇಟಿಗೆ ಹೋಗುವ ದಾರಿಯಲ್ಲೇ ನಡುಕೋಣೆಯ ಕಿಟಕಿ. ಮನೆ ಕಟ್ಟಿದವನಿಗೆ ಅದನ್ನಿಡಲು ಬೇರೆ ಗೋಡೆ ಸಿಗಲಿಲ್ಲವೇ ಎಂದು ಮುಂದೆ ಅವಳಿಗೆ ಎಷ್ಟೋ ಸಲ ಅನ್ನಿಸಿತು. ಇಣುಕಿದಳು.

ಒಳಗೆ ಗಂಡ ಅಪ್ಪನನ್ನು ಹೊರಳಿಸುತ್ತಿದ್ದ. ಅವಳು ತಪ್ಪು ಹುಡುಕಿದಳು. ಮಂಡಿ ಮಡಿಸಿದ, ಸರಿ. ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟ, ಸರಿ. ಎಳೆಯದೆ ಹೊರಳಿಸಿದ, ಬೆನ್ನಿಗೆ ದಿಂಬು ಕೊಟ್ಟ, ಬಿದ್ದ ಕೈಯನ್ನು ಜೋಪಾನವಾಗಿ ಮುಂದಕ್ಕಿಟ್ಟ. ಒಂದೂ ತಪ್ಪಿಲ್ಲ! ಸಿಸ್ಟರ್ ಕಿಟಕಿಗೆ ಇನ್ನಷ್ಟು ಹತ್ತಿರ ಬಾಗಿದಳು. ಆದದ್ದು ಸಮಾಧಾನವೋ ಸಂಕಟವೋ ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕಂಡಿತು, ಮಾವನ ಹಿಮ್ಮಡಿಯಲ್ಲೊಂದು ಕೆಂಪು ಗುರುತು.

ಆಟೋದವನಿಗೆ "ಒಂದು ನಿಮಿಷಪ್ಪಾ" ಎಂದು ಕೂಗಿ ಒಳಗೆ ಹೋದಳು. ಕೆಂಪಿನ ಮೇಲೆ ಬೆರಳಿಟ್ಟು ಒತ್ತಿದಳು. ಬೆಳ್ಳಗಾಯಿತು. ಬೆರಳು ತೆಗೆದಳು. ಮತ್ತೆ ಕೆಂಪಾಯಿತು. ಅಂದರೆ ರಕ್ತ ಓಡುತ್ತಿದೆ, ಹುಣ್ಣಿನ ಸುಳಿವಲ್ಲ. ಒತ್ತಿದರೂ ಬೆಳ್ಳಗಾಗದ ಕೆಂಪಿಗೆ ಹೆದರಬೇಕು, ಇದಕ್ಕಲ್ಲ. ಹಾಸಿಗೆಗೆ ತಾಗದಂತೆ ಕಾಲನ್ನು ಸ್ವಲ್ಪ ಎತ್ತಿಡಿ ಎಂದು ಹೇಳಿ ಹೊರಟರೆ ಮುಗಿಯಿತು. ಇಷ್ಟನ್ನು ವರ್ಷವರ್ಷವೂ ಹೊಸ ಹುಡುಗಿಯರಿಗೆ ಅವಳೇ ಕಲಿಸುತ್ತಿದ್ದಳು.

ಆದರೆ ಕೈ ಆಗಲೇ ಟವೆಲು ಮಡಿಸುತ್ತಿತ್ತು. ಮೀನಖಂಡದ ಕೆಳಗೆ ಟವೆಲಿಟ್ಟು ಹಿಮ್ಮಡಿ ತೇಲುವಂತೆ ಮಾಡಿದಳು. ಇನ್ನೊಂದು ಕಾಲು ಬಿಟ್ಟರೆ ಹೇಗೆ? ಆಮೇಲೆ ಹಾಸುಬಟ್ಟೆಯ ಸುಕ್ಕು. ಗಂಡ ಮೆಲ್ಲನೆ ಪಕ್ಕಕ್ಕೆ ಸರಿದ, ಗೋಡೆಗೊರಗಿದ, ಆಮೇಲೆ ಕೋಣೆಯಲ್ಲೇ ಇರಲಿಲ್ಲ. ಅಡುಗೆಮನೆಯಿಂದ ನಾದಿನಿ ಕೂಗಿದಳು, "ಅತ್ತಿಗೆ ಇದ್ದಾರಾ? ಹಾಗಾದ್ರೆ ನಾನು ಬರ್ತೀನಿ." ಆಟೋ ಒಮ್ಮೆ ಹಾರ್ನ್ ಮಾಡಿತು. ಮತ್ತೊಮ್ಮೆ ಮಾಡಿತು. ಆಮೇಲೆ ಬೀದಿ ನಿಶ್ಶಬ್ದವಾಯಿತು.

ಮಾವ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಲ್ಲ. ಅವರ ಉಸಿರು ನೋಡಿದರೆ ಅವಳಿಗೆ ತಿಳಿಯುವುದಿಲ್ಲವೇ?

ನಾಳೆಗೂ ಬಸ್ಸಿದೆ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಸಂಜೆ ಅಕ್ಕನ ಫೋನು ಬಂತು. ಹಿನ್ನೆಲೆಯಲ್ಲಿ ಅಲೆಗಳ ಸದ್ದು. ಅಕ್ಕ ಹಲೋ ಎನ್ನುವುದಕ್ಕೂ ಬಿಡಲಿಲ್ಲ. "ನಿನ್ನ ಗಂಡ ಎಲ್ಲಾ ಹೇಳಿದ್ರು ಕಣೇ. ಬಸ್ ಹತ್ತೋಕೆ ಹೊರಟೋಳು ಮಾವನ ಮುಖ ನೋಡಿ ವಾಪಸ್ ಬಂದ್ಯಂತೆ. ನೀನು ಮನುಷ್ಯಳೇ ಅಲ್ಲ, ದೇವತೆ. ಇಂಥಾ ತ್ಯಾಗ ಯಾರಿಗೆ ಬರುತ್ತೆ ಹೇಳು?"

ಸಿಸ್ಟರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ತ್ಯಾಗನೂ ಇಲ್ಲ ಏನೂ ಇಲ್ಲ ಅಕ್ಕ. ಹಿಮ್ಮಡಿ ನೋಡೋಣ ಅಂತ ಒಳಗೆ ಹೋದೆ. ಆಟೋದವನು ಕಾಯಲಿಲ್ಲ."